ಬಿಟ್ಟರೆ ಹೋಗುತ್ತದೆ

ಶವ ಇರಿಸಿದ್ದ ಗುಡಾರ ಇನ್ನೂ ಐವತ್ತು ಹೆಜ್ಜೆ ದೂರವಿರುವಾಗಲೇ ಗಂಡಸರೆಲ್ಲ ಒಟ್ಟಿಗೆ ದನಿ ತೆಗೆದು ಅಳತೊಡಗಿದರು. ನಮ್ಮಲ್ಲಿ ಸಾವಿನ ಮನೆಗೆ ಸುಮ್ಮನೆ ನಡೆದುಹೋಗುವಂತಿಲ್ಲ, ದೂರದಿಂದಲೇ ಕೂಗಿಕೊಂಡು ಹೋಗಬೇಕು. "ಅಯ್ಯೋ ನನ್ನ ತಂಗೀ" ಎಂದು ಶಾರ್ಶೆನ್ ಕೂಡ ಕೂಗಬೇಕಿತ್ತು. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಪಕ್ಕದವರ ಅಳುವಿನ ಮರೆಯಲ್ಲಿ ಬರೀ ತುಟಿ ಆಡಿಸುತ್ತ ನಡೆದ.

ಗುಡಾರದ ಬಾಗಿಲಲ್ಲಿ ಊರೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಮೇಷ್ಟ್ರು ಜೂರಕನ್ ಎಜೆಯ ಮಗ ಎರ್ಮೆಕ್ ಶೋಕದ ಪದ್ಧತಿಯಂತೆ ಕೋಲೂರಿ ನಿಂತಿದ್ದ. ತಾಯಿ ಸತ್ತ ಸುದ್ದಿ ಕೇಳಿ ನಿನ್ನೆಯಷ್ಟೇ ನರಿನ್ ಪೇಟೆಯಿಂದ ಬಂದವನು. ಹಿರಿಯಣ್ಣನನ್ನು ಕರೆಯುವಂತೆ ಬಾಯ್ಕೆ ಎನ್ನುತ್ತ ಶಾರ್ಶೆನನ ಎರಡೂ ಕೈ ಹಿಡಿದುಕೊಂಡ.

"ಬಾಯ್ಕೆ, ಬೆಳಿಗ್ಗೆಯಿಂದ ನೀವೇ ನಿಂತು ಗುಂಡಿ ತೋಡಿಸಿದ್ರಂತೆ. ಈ ವಯಸ್ಸಲ್ಲಿ."

"ಅದರಲ್ಲೇನಿದೆಯಪ್ಪ. ಸಮಾಧಿ ಗುಡ್ಡದ ಕೆಲಸ ನಂದೇ ಅಲ್ವಾ."

"ಅಮ್ಮ ನಿಮ್ಮನ್ನ ಒಳ್ಳೇ ಮಾತಲ್ಲೇ ನೆನೀತಿದ್ರು. ಪಾಠ ಕಳಿಸೋಕೆ ಯಾಕಮ್ಮ ಅಷ್ಟು ದೂರ ಕಲ್ಲುಗುಡ್ಡ ಹತ್ತುತ್ತೀಯ, ಸಮಾಧಿ ಗುಡ್ಡ ಹತ್ತಿರ ಅಲ್ವಾ ಅಂತ ಫೋನಲ್ಲಿ ಕೇಳಿದ್ದೆ. ಅಲ್ಲಿ ಗಾಳಿ ಜಾಸ್ತಿ ಕಣೋ, ಪಾಠ ಸರಿಯಾಗಿ ಕೇಳಲ್ಲ, ಶಾರ್ಶೆನ್ ಬಾಯ್ಕೇನೂ ಅಲ್ಲಿ ಬೇಡ ಅಂತ ಹೇಳಿದಾರೆ, ಅಂದ್ರು ಅಮ್ಮ."

ಶಾರ್ಶೆನ್ ಕೈ ಬಿಡಿಸಿಕೊಂಡ. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

*

ಶಾಲೆಗೆ ಬೀಗ ಬಿದ್ದದ್ದು ವಸಂತದಲ್ಲಿ. ಪೇಟೆಗಳಲ್ಲಿ ಕಾಯಿಲೆ ಹಬ್ಬಿದೆ, ಇನ್ನು ಪಾಠವೆಲ್ಲ ಫೋನಿನಲ್ಲಿ ಎಂದು ಮೇಲಿನಿಂದ ಆಜ್ಞೆ ಬಂತು. ನಮ್ಮೂರಲ್ಲಿ ಸಿಗ್ನಲ್ ಇಲ್ಲ ಎಂಬುದು ಆಜ್ಞೆ ಮಾಡಿದ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಇಡೀ ಕಣಿವೆಯಲ್ಲಿ ಅದು ಸಿಗುವುದು ಎರಡೇ ಕಡೆ: ಊರ ಮಗ್ಗುಲಿನ ಸಮಾಧಿ ಗುಡ್ಡದಲ್ಲಿ, ಇಲ್ಲವೇ ನದಿಯಾಚೆಯ ಕಲ್ಲುಗುಡ್ಡದ ನೆತ್ತಿಯಲ್ಲಿ.

ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಜೂರಕನ್ ಎಜೆ, ಮಗ ಬಿಟ್ಟುಹೋದ ಗಾಜು ಬಿರಿದ ಫೋನು ಹಿಡಿದು ಲೈಬ್ರರಿಯ ನುರ್ಜಾತಳ ಎದುರು ಕೂತರು. ನುರ್ಜಾತ್ ಅವರ ಕೈಯಲ್ಲೇ ಅಕ್ಷರ ಕಲಿತವಳು. ಅವಳು ಹೇಳಿದ್ದನ್ನೆಲ್ಲ ಎಜೆ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡರು. 'ಮೈಕಿನ ಚಿತ್ರ. ಹೆಬ್ಬೆರಳು ಒತ್ತಿ ಹಿಡಿ. ಮಾತಾಡು. ಬಿಟ್ಟರೆ ಹೋಗುತ್ತದೆ.'

"ಒತ್ತಿಕೊಂಡೇ ಇರಬೇಕಾಗಿಲ್ಲ ಎಜೆ. ಮೇಲಕ್ಕೆ ಜಾರಿಸಿದ್ರೆ ತಾನೇ ನಡೀತಿರುತ್ತೆ."

"ಬೇಡಮ್ಮ. ಕೈ ಬಿಟ್ಟರೆ ಮಕ್ಕಳು ಎದುರಿಗಿದಾರೆ ಅನ್ನಿಸಲ್ಲ."

ಮೊದಲ ದಿನ ಬೆರಳು ಪಕ್ಕಕ್ಕೆ ಜಾರಿ ಇಡೀ ಪಾಠ ಅಳಿಸಿಹೋಯಿತು. ನೀರು ಕುಡಿದು ಮತ್ತೆ ಮೊದಲಿಂದ ಹೇಳಿದರು. ಉಕ್ತಲೇಖನ ಕೊಡುವಾಗಲಂತೂ ತರಗತಿಯಲ್ಲಿದ್ದ ಹಾಗೇ. ಒಂದು ವಾಕ್ಯ ಹೇಳಿ, "ಬರೆದಾಯ್ತಾ? ಕಾಯ್ತೀನಿ" ಎಂದು ನಿಜವಾಗಿಯೂ ಕಾಯುತ್ತಿದ್ದರು. ಅವರ ನಾಲ್ಕನೇ ತರಗತಿಯ ಏಳು ಮಕ್ಕಳಲ್ಲಿ ಒಬ್ಬರೂ ಕಣ್ಣೆದುರಿಲ್ಲ, ಹೆಬ್ಬೆರಳು ಮಾತ್ರ ಒತ್ತಿದಂತೇ ಇರುತ್ತಿತ್ತು. ಪಕ್ಕದ ಮನೆಯ ಜೋಲ್ದೋಷ್ ಅದನ್ನು ಅಣಕಿಸಿ ಊರನ್ನೆಲ್ಲ ನಗಿಸುತ್ತಿದ್ದ. ಎಜೆ ಸಮಾಧಿ ಗುಡ್ಡಕ್ಕೆ ಹೋಗಿ ಪಾಠ ಕಳಿಸಿ ಬರುವುದು, ಸಂಜೆ ದೊಡ್ಡವರು ಅದೇ ಗುಡ್ಡಕ್ಕೆ ಫೋನು ಒಯ್ದು ಪಾಠ ಇಳಿಸಿಕೊಂಡು ಬರುವುದು. ಶಾರ್ಶೆನನ ಮೊಮ್ಮಗಳು ಬೆರ್ಮೆತ್‌ಳ ಪಾಠ ತಾತನ ಫೋನಿಗೇ ಬರುತ್ತಿತ್ತು.

*

ಗುಡಾರದ ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಹೊರಗೆ ನುರ್ಜಾತ್ ಬಟ್ಟಲುಗಳಿಗೆ ಚಹ ಬಗ್ಗಿಸಿ ಕೊಡುತ್ತಿದ್ದಳು.

"ಏನೇ ಹೇಳು, ಎಜೆಯಂಥಾ ಎಜೇನೂ ಒಂದ್ಸಲ ತಪ್ಪು ಲೆಕ್ಕ ಹೇಳಿಬಿಟ್ರು," ಎಂದ ಜೋಲ್ದೋಷ್. "ಏಳೇಳ್ಲಿ ನಲವತ್ತೇಳು ಅಂದ್ರಂತೆ. ಪಾಪ, ವಯಸ್ಸಾಗಿತ್ತು."

"ನೀನು ಕೇಳಿದ್ಯಾ?" ನುರ್ಜಾತ್ ಬಟ್ಟಲನ್ನು ಕುಕ್ಕಿದಳು. "ಅದನ್ನ ಕೇಳಿದೋರೇ ಇಲ್ಲ. ಅವತ್ತು ಏದುಸಿರು ಬಿಡ್ತಾ ಲೈಬ್ರರಿಗೆ ಬಂದ್ರು. ಕಳಿಸಿದ್ದನ್ನ ವಾಪಸ್ ತಗೊಳ್ಳೋದು ಹೇಗಮ್ಮ, ಸಂಜೆ ಯಾರಾದ್ರೂ ಗುಡ್ಡ ಹತ್ತೋ ಮೊದಲು ಅಳಿಸ್ಬೇಕು ಅಂದ್ರು. ಏನಾಯ್ತು ಎಜೆ ಅಂದೆ. ತಪ್ಪು ಲೆಕ್ಕ ಹೇಳಿಬಿಟ್ಟೆ ಅಂದ್ರು. ಹೇಳಿಕೊಟ್ಟೆ. ಅಳಿಸೋಕೂ ಸಿಗ್ನಲ್ ಬೇಕಲ್ಲ, ಅಲ್ಲಿಂದ ಸೀದಾ ಕಲ್ಲುಗುಡ್ಡಕ್ಕೆ ಹೋದ್ರು. ಅವತ್ತೇ ಮೊದಲು ಅದನ್ನ ಹತ್ತಿದ್ದು. ಸಮಾಧಿ ಗುಡ್ಡ ಯಾಕೆ ಬೇಡವಾಯ್ತೋ, ನಂಗೆ ಇವತ್ತಿಗೂ ಗೊತ್ತಿಲ್ಲ."

"ಯಾವತ್ತದು?" ಎಂದ ಶಾರ್ಶೆನ್.

"ಆಲೂಗಡ್ಡೆ ಕೀಳ್ತಿದ್ವಲ್ಲ ಬಾಯ್ಕೆ, ಆ ಗುರುವಾರ. ಸಿಕ್ಕಾಪಟ್ಟೆ ಗಾಳಿ ಇತ್ತು ನೋಡಿ, ಅವತ್ತು."

ಶಾರ್ಶೆನ್ ಬಟ್ಟಲು ಕೆಳಗಿಟ್ಟ.

*

ಆ ಗುರುವಾರ ಎಜೆ ಸಮಾಧಿಗಳ ಗೋಡೆಯ ಒಳಗೆ ನಿಂತಿದ್ದರು. ದಿನವೂ ಹೊರಗೇ ನಿಲ್ಲುವವರು, ಅಂದು ಗಾಳಿಗೆ ಮಾತು ಹಾರಿಹೋಗುತ್ತಿದೆಯೆಂದು ಒಳಗೆ, ತಮ್ಮ ಗಂಡನ ಸಮಾಧಿಯ ಮರೆಗೆ ಹೋಗಿದ್ದರು. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಕಾಲಿಡುವುದಿಲ್ಲ. ಗೋಡೆ ರಿಪೇರಿಗೆ ಬಂದ ಶಾರ್ಶೆನ್ ನೋಡಿದ.

"ಜೂರಕನ್, ಹೆಂಗಸು ನಿಲ್ಲೋ ಜಾಗಾನಾ ಇದು? ಮಣ್ಣಲ್ಲಿರೋರ ತಲೆ ಮೇಲೆ ನಿಂತು ವಟವಟ ಅಂತೀಯಲ್ಲ. ನಿನ್ನ ಗಂಡ ಬದುಕಿದ್ದಿದ್ರೆ ಕಾಲು ಮುರೀತಿದ್ದ. ಮಕ್ಕಳಿಗೆ ಹೇಳಿಕೊಡೋದು ಇದೇ ಮರ್ಯಾದೇನಾ, ನಾಚಿಕೆಗೆಟ್ಟವಳೇ."

ಇನ್ನೂ ಏನೇನೋ ಅಂದ. ಒಮ್ಮೆ ಬಾಯಿ ಬಿಟ್ಟಮೇಲೆ ನಿಲ್ಲಿಸುವ ಜನ ನಾವಲ್ಲ. ಎಜೆ ಹೆಬ್ಬೆರಳು ಒತ್ತಿಕೊಂಡೇ ಅವನನ್ನು ನೋಡುತ್ತಿದ್ದರು. ಆಮೇಲೆ ಬೆರಳು ಮೇಲೆದ್ದಿತು, ಫೋನು ಸಣ್ಣಗೆ ಸದ್ದು ಮಾಡಿತು. ಅವರ ಮುಖ ಬಿಳಿಚಿಕೊಂಡಿತು. ತನಗೆ ಹೆದರಿದಳು ಎಂದುಕೊಂಡು ಶಾರ್ಶೆನ್ ಒಳಗೊಳಗೇ ಬೀಗಿದ. ಮಧ್ಯಾಹ್ನ ಅವರು ಕಲ್ಲುಗುಡ್ಡ ಹತ್ತುವುದು ಕಂಡಾಗ, ಹತ್ತಲಿ, ಕೊಬ್ಬು ಇಳಿಯಲಿ ಎಂದುಕೊಂಡ.

ಸಂಜೆ ಅದೇ ಗೋಡೆಗೆ ಒರಗಿ ಬೆರ್ಮೆತ್‌ಳ ಪಾಠ ಇಳಿಸಿಕೊಳ್ಳುವಾಗ, 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಒಂದು ಸಾಲಷ್ಟೇ ಬಂತು. ಮುದುಕಿಗೆ ಫೋನು ಬರಲ್ಲ ಎಂದು ನಕ್ಕಿದ್ದ. ಮರುದಿನದಿಂದ ಎಜೆಯ ಪ್ರತಿ ಪಾಠವೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು. ಅದನ್ನೂ ಅವನು ದಿನವೂ ಕೇಳುತ್ತಿದ್ದ. ಅದು ತನಗೇ ಹೇಳಿದ್ದು ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಆರು ವಾರ ಹತ್ತಿ ಇಳಿದರು. ಮೊನ್ನೆ ಬೆಳಿಗ್ಗೆ ಒಲೆಯ ಮುಂದೆ ಕೂತವರು ಏಳಲಿಲ್ಲ. ಎದೆ ನಿಂತುಹೋಯಿತು ಎಂದರು.

*

ನಮಾಜು ಮುಗಿಯಿತು. ಎರ್ಮೆಕ್ ಜನರ ಎದುರು ನಿಂತು ಕೇಳಿದ:

"ನನ್ನ ತಾಯಿ ಎಂಥವರಾಗಿದ್ರು?"

"ಒಳ್ಳೆಯವರು," ಎಂದರು ಎಲ್ಲರೂ.

"ಅವರಿಂದ ಯಾರ ಮನಸ್ಸಿಗಾದ್ರೂ ನೋವಾಗಿದ್ರೆ ಕ್ಷಮಿಸಿಬಿಡಿ."

"ಕ್ಷಮಿಸಿದ್ದೀವಿ."

ಶಾರ್ಶೆನನ ಬಾಯಿಯೂ ಆ ಮಾತು ಆಡಿತು. ಯಾರು ಯಾರನ್ನು ಕ್ಷಮಿಸುವುದು. ಕಿವಿಯ ತುದಿಯವರೆಗೆ ಮುಖ ಸುಟ್ಟಂತಾಯಿತು. ಮಣ್ಣು ಮುಚ್ಚುವ ಮೊದಲು ಹೇಳಿಬಿಡಬೇಕು, ಇಲ್ಲವಾದರೆ ಅವರು ಲೆಕ್ಕ ತಪ್ಪಿದ ಮೇಷ್ಟ್ರಾಗಿಯೇ ಹೋಗುತ್ತಾರೆ. ಈಗ ಹೇಳುತ್ತೇನೆ, ತಿರುವಿನಲ್ಲಿ ಹೇಳುತ್ತೇನೆ, ಗೇಟಿನಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತ ಹೆಗಲು ಕೊಟ್ಟು ನಡೆದ. ಹೆಂಗಸರು ಹಿಂದೆ ಗುಡಾರದಲ್ಲೇ ಉಳಿದರು. ಅಂದು ಬೈದು ಇಳಿಸಿದವರನ್ನು ಇಂದು ಹೊತ್ತು ಹತ್ತಿಸಿದ. ಗೇಟು ದಾಟಿತು, ಅವನು ಹೇಳಲಿಲ್ಲ.

ದೇಹವನ್ನು ಗಂಡನ ಪಕ್ಕದಲ್ಲೇ ಇಳಿಸಿದರು. ಎರ್ಮೆಕ್ ಮೊದಲ ಹಿಡಿ ಮಣ್ಣು ಹಾಕಿದ. ಸನಿಕೆಯನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕೆ ಹಾಕಿದ್ದನ್ನು ಮುಂದಿನವನು ಎತ್ತಿಕೊಳ್ಳಬೇಕು. ಜೋಲ್ದೋಷ್ ನಾಲ್ಕು ಸಲ ಮಣ್ಣು ಎಳೆದು ಸನಿಕೆ ಕೆಳಗೆ ಹಾಕಿದ. ಶಾರ್ಶೆನ್ ಬಗ್ಗಿದ.

ಆಗ ಅವನ ಕೋಟಿನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಹಿಂದೆಯೇ ಜೋಲ್ದೋಷನದು, ಅದರ ಹಿಂದೆ ಇನ್ನೊಬ್ಬನದು. ನಾಲ್ಕನೇ ತರಗತಿಯ ಮಕ್ಕಳಿರುವ ಮನೆಗಳ ಗಂಡಸರೆಲ್ಲ ಜೇಬು ತಡಕಿದರು.

"ಅಮ್ಮನ ಫೋನು," ಎಂದ ಎರ್ಮೆಕ್, ತನ್ನ ಕೋಟಿನಿಂದ ಗಾಜು ಬಿರಿದ ಫೋನು ತೆಗೆದು. "ಚಾರ್ಜ್ ಹೋಗಿತ್ತು. ಶಿಷ್ಯರ ನಂಬರೆಲ್ಲ ಇದರಲ್ಲೇ ಇದಾವಲ್ಲ, ಬೆಳಿಗ್ಗೆ ಚಾರ್ಜಿಗೆ ಹಾಕಿ ತಂದೆ. ಮನೇಲೇ ಏನೋ ಹೇಳಿ ಕಳಿಸೋಕೆ ಇಟ್ಕೊಂಡಿದ್ರು ಅನ್ಸುತ್ತೆ. ಈಗ ಸಿಗ್ನಲ್ ಸಿಕ್ಕಿ..."

ಸದ್ದು ನಿಲ್ಲಿಸಲು ಹೋದ ಶಾರ್ಶೆನನ ಮಣ್ಣು ಮೆತ್ತಿದ ಹೆಬ್ಬೆರಳು ಎಲ್ಲೋ ಒತ್ತಿತು.

"ಮಕ್ಕಳೇ," ಎಂದು ಫೋನಿನೊಳಗಿಂದ ದಿನದ ಅದೇ ಮಾತಿನಿಂದ ಶುರು ಮಾಡಿದರು ಜೂರಕನ್ ಎಜೆ. "ಇದನ್ನ ಗುಡ್ಡದ ಮೇಲೆ ಹಾಕಬೇಡಿ ಅಂತ ದೊಡ್ಡೋರಿಗೆ ಹೇಳಿ. ಮನೆಗೆ ಹೋಗಿ ಕೇಳಿ. ಮಣ್ಣಲ್ಲಿರೋರು ಮಲಗಿರಲಿ."

ಮುಲ್ಲಾ ಪಠಿಸುವುದನ್ನು ನಿಲ್ಲಿಸಿದರು.

"ಆಫ್ ಮಾಡಿ ಬಾಯ್ಕೆ," ಜೋಲ್ದೋಷ್ ಪಿಸುಗುಟ್ಟಿದ. "ಕೊಡಿ ಇಲ್ಲಿ, ನಾನ್ ಮಾಡ್ತೀನಿ."

"ಮುಟ್ಟಬೇಡ." ಶಾರ್ಶೆನನ ಸ್ವರ ಆಗ ಹೊರಟಿತು. ಬೆಳಿಗ್ಗೆಯಿಂದ ಹೊರಡದ್ದು. "ಎರ್ಮೆಕ್, ನಿನ್ನಮ್ಮ ಯಾವ ಲೆಕ್ಕಾನೂ ತಪ್ಪಲಿಲ್ಲ ಕಣಪ್ಪ. ಅವತ್ತು ಅಳಿಸಿದ್ದು ನನ್ನ ಬೈಗುಳ. ಇಲ್ಲೇ ನಿಂತು ಬಾಯಿಗೆ ಬಂದಂಗೆ ಬೈದೆ. ಅದು ಫೋನಿಗೆ ಬಿದ್ದಿತ್ತು. ನನ್ನ ಮೊಮ್ಮಗಳು ಕೇಳ್ತಾಳೆ ಅಂತ, ನನ್ನ ಮರ್ಯಾದೆ ಉಳಿಸೋಕೆ ಅಂತ ಆ ಕಲ್ಲುಗುಡ್ಡ ಹತ್ತಿದ್ಲು. ಆಮೇಲೆ ನನ್ನ ಭಯಕ್ಕೆ ದಿನಾ ಹತ್ತಿದ್ಲು. ಗಾಳಿ ಅಲ್ಲ. ನಾನು."

ಎರ್ಮೆಕ್‌ನ ದೃಷ್ಟಿ ನದಿಯಾಚೆಯ ಗುಡ್ಡದ ಕಡೆ ಹೋಯಿತು.

"ಇವತ್ತು ಉಕ್ತಲೇಖನ," ಎಂದರು ಎಜೆ. ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದರು. "ಬರ್ಕೊಳ್ಳಿ. ಹಿಮ ಬೀಳುವ ಮೊದಲು ಕುರಿಗಳು ಕೆಳಗಿಳಿಯುತ್ತವೆ. ಬರೆದಾಯ್ತಾ? ಕಾಯ್ತೀನಿ."

ಫೋನಿನೊಳಗೆ ಒಲೆಯ ಮೇಲಿನ ಕೆಟಲಿನ ಮುಚ್ಚಳ ಸಣ್ಣಗೆ ಅದುರುತ್ತಿತ್ತು. ಸನಿಕೆ ನೆಲದ ಮೇಲಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.