ಹಾಲುತುಪ್ಪಕ್ಕೆ ಜಾಗವಿಲ್ಲ

ನಾನು ಫಿಲಾಸಫಿ ಮೇಷ್ಟ್ರು ಕಣ್ರೀ, ಮನೋಹರ್ ಅಂತ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಒಂದು ಪಾಠ ಮಾತ್ರ ಪ್ರತಿ ವರ್ಷ ಕುಣಿದು ಕುಣಿದು ಮಾಡ್ತಿದ್ದೆ. ಗ್ರೀಕ್ ಜ್ಞಾನಿಗಳಿಗೆ ಮೈ ಅನ್ನೋದು ಸೆರೆಮನೆ, ಸತ್ತರೆ ಆತ್ಮಕ್ಕೆ ಬಿಡುಗಡೆ. ಮೊದಲ ಕಾಲದ ಕ್ರೈಸ್ತರು ಹಾಗನ್ನಲಿಲ್ಲ, ಇದೇ ಮೈ ಒಂದು ದಿನ ಎದ್ದು ಬರುತ್ತೆ ಅಂದರು. ಅದಕ್ಕೇ ಸತ್ತವರನ್ನು ಜೋಪಾನವಾಗಿ ಹೂತರು, ಗೋರಿ ಹತ್ತಿರ ಕೂತು ಊಟ ಮಾಡಿದರು. ಗ್ರೀಕರು ಕೇಳಿ ನಕ್ಕರು. ನಾನೂ ನಗ್ತಿದ್ದೆ, ಹುಡುಗರೂ ನಗ್ತಿದ್ದರು.

ಆ ಪಾಠಾನ ಕ್ಲಾಸಲ್ಲೇ ಬಿಟ್ಟು ಬರಬೇಕಿತ್ತು. ದಟ್ಟಗಳ್ಳಿಯ ಮನೆಗೂ ಹೊತ್ತು ತಂದೆ. ಹೋದ ವರ್ಷ ಅಪ್ಪನ ಮುಂದೆ ದೇಹದಾನದ ಫಾರಂ ಇಟ್ಟು, "ಮೈಯಲ್ಲೇನಿದೆ ಅಪ್ಪಾ, ಮೆಡಿಕಲ್ ಓದೋ ಮಕ್ಕಳಾದ್ರೂ ಕಲೀಲಿ" ಅಂದೆ. ಅಪ್ಪ ಚೆಲುವಯ್ಯ ವಾಲ್ವ್‌ಮನ್ ಆಗಿದ್ದವರು, ಬೀದಿ ಬೀದಿಗೆ ನೀರು ಬಿಟ್ಟು ನನ್ನನ್ನು ಓದಿಸಿದವರು. ಕನ್ನಡಕ ಹಾಕ್ಕೊಂಡು, ಓದದೇ ಸೈನ್ ಹಾಕಿದರು.

ಭಾನುವಾರ ಅಪ್ಪ ತೀರಿಕೊಂಡರು. ಸಾಯಂಕಾಲಕ್ಕೇ ಮೆಡಿಕಲ್ ಕಾಲೇಜಿನ ವ್ಯಾನ್ ಬಂದು ಅಪ್ಪನ್ನ ಒಯ್ತು. ಅವ್ವ ಮುದ್ದಮ್ಮ ಗೇಟಿನ ತನಕ ವ್ಯಾನಿನ ಹಿಂದೆ ಹೋದಳು.

ಮೂರನೇ ದಿನ ಬೆಳಗ್ಗೆ ನೋಡ್ತೀನಿ, ಅವ್ವ ಚೊಂಬಿನಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಇಟ್ಕೊಂಡು ಹೊರಟು ಕೂತಿದ್ದಾಳೆ. ನಮ್ಮಲ್ಲಿ ಮೂರನೇ ದಿನ, ಮಣ್ಣು ಮಾಡಿದ ಗುಡ್ಡೆ ಮೇಲೆ ಹಾಲುತುಪ್ಪ ಬಿಡಬೇಕು. ಅಲ್ಲೀವರೆಗೂ ಸತ್ತವರ ಬಾಯಿ ಒಣಗಿರುತ್ತೆ ಅಂತಾಳೆ ಅವ್ವ.

"ಎಲ್ಲಿ ಬುಡ್ಲಪ್ಪಾ?" ಅಂದಳು.

"ನಮ್ಮೂರು ಮಂಡಕಳ್ಳೀಲಿ ತಾತನ ಗುಡ್ಡೆ ಅದೆಯಲ್ಲವ್ವಾ, ಅಲ್ಲೇ ಬುಡೋಣ."

"ನಿಮ್ಮ ತಾತಂಗೆ ಆವತ್ತೇ ಬುಟ್ಟಾಯ್ತು. ನಿಮ್ಮಪ್ಪಂಗೆಲ್ಲಿ?"

ಆತ್ಮಕ್ಕೆ ಬಾಯಾರಲ್ಲ ಅಂತ ಹೇಳಕ್ಕೆ ಹೊರಟೆ. ಥೂ, ಅದನ್ನ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿ ಮೆಡಿಕಲ್ ಕಾಲೇಜಿಗೆ ಓಡಿದೆ. ಅಲ್ಲಿ ದೇಹಗಳನ್ನು ನೋಡ್ಕೊಳ್ಳೋ ಚಂದ್ರಮೌಳಿಯವರ ಕೈ ಹಿಡಿದು, "ವಾಪಸ್ ಕೊಡಿ ಸಾರ್, ಮಣ್ಣು ಮಾಡ್ತೀವಿ" ಅಂದೆ. ಪಾಪ, ಒಳ್ಳೆಯವರೇ. "ದೇಹ ಕೆಡದ ಹಾಗೆ ಔಷಧಿ ಹತ್ತಿಸಿ ಆಯ್ತು ಮೇಷ್ಟ್ರೇ, ಇನ್ನು ಕೊಡಕ್ಕಾಗಲ್ಲ. ನಿಮ್ಮ ತಂದೆಯವರೇ ಇಷ್ಟಪಟ್ಟು ಬರ್ಕೊಟ್ಟಿದ್ದಾರಲ್ಲ" ಅಂತ ಸೈನ್ ತೋರಿಸಿದರು.

ಮನೆಗೆ ಬಂದು ಅದನ್ನೇ ಅವ್ವನಿಗೆ ಹೇಳಿದೆ, ಅಪ್ಪಾನೇ ಇಷ್ಟಪಟ್ಟಿದ್ದರು ಅಂತ.

"ಇಷ್ಟವಾ? ಹೆದರ್ಕಂಡಿದ್ರು ಕಣೋ! 'ಮಂಡಕಳ್ಳೀಲಿ ನಮ್ಮವ್ವನ ಪಕ್ಕದಲ್ಲಿ ಹಾಕ್ತಾರೆ ಅಂದ್ಕಂಡಿದ್ದೆ' ಅಂತ ನಿಮ್ಮಪ್ಪ ನನ್ನ ಮುಂದೆ ಅತ್ರು. ಮಗ ಓದಿರೋನು, ಅವನ ಮಾತು ತೆಗೆದಾಕೋದು ಎಂಗೆ ಅಂತ ಸೈನ್ ಹಾಕುದ್ರು."

ನನ್ನ ಬಾಯಿಗಿಷ್ಟು ಮಣ್ಣು ಹಾಕ. ಒಂದು ಸಲವಾದರೂ ನೀವೇನಂತೀರಿ ಅಪ್ಪಾ ಅಂತ ಕೇಳಿದ್ದರೆ!

ಹಾಲು ಒಡೆಯೋ ತನಕ ಇಬ್ಬರೂ ಕೂತಿದ್ದೆವು. ಆಮೇಲೆ ಅವ್ವ, "ಇನ್ನೊಂದು ಫಾರಂ ಅದಾ?" ಅಂದಳು.

"ಯಾಕವ್ವಾ?"

"ನಂಗೂ ಬರ್ಸು. ಅವ್ರಿರೋ ತಾವೇ ನನ್ನೂ ಮಲಗುಸ್ಲಿ. ಒಬ್ಬರೇ ಅವ್ರೆ ಅಲ್ಲಿ."

ಹುಡುಗರು ಕೊಯ್ದು ಕಲಿತು, ವರ್ಷ ತುಂಬೋದ್ರೊಳಗೆ ಅಲ್ಲಿ ಅಪ್ಪ ಅನ್ನೋದಕ್ಕೆ ಏನೂ ಉಳಿದಿರಲ್ಲ ಅಂತ ಚಂದ್ರಮೌಳಿ ಹೇಳಿ ಕಳಿಸಿದ್ದರು. "ಆಗ್ಲವ್ವಾ" ಅಂದೆ. ಫಾರಂ ತಂದು, ಅವಳ ಹೆಬ್ಬೆರಳು ಹಿಡಿದು ಒತ್ತಿಸಿದೆ.