ಹೆಸರು ಬಿಟ್ಟುಕೊಟ್ಟ ತಂಡದ ಯೋಗೇಶ್

ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಕೂಗಿ ಹಾಡುತ್ತಿದ್ದ ಯೋಗೇಶ್, ನೆಲದ ಮೇಲೆ ಮಾತ್ರ ಧೂಳು ಕೂಡ ಏಳದಂತೆ ನಡೆಯುತ್ತಿದ್ದ. ಅದು ಸಂಕೋಚದ ನಡಿಗೆಯಲ್ಲ. ನಾಗಮಂಗಲದಲ್ಲಿ ಅವನ ತಂದೆ ಕೃಷ್ಣಮೂರ್ತಿಯವರು ಚಿನ್ನದ ಕೆಲಸ ಮಾಡುವ ಕೋಣೆಯಲ್ಲಿ, ಅರದಿಂದ ಉದುರಿದ ಕಣ ಕಾಲಿಗಂಟಿ ಹೊರಗೆ ಹೋಗಬಾರದೆಂದು ಎಳವೆಯಲ್ಲೇ ಕಲಿತದ್ದು. ಯಾವ ಪ್ರಶ್ನೆ ಕೇಳಿದರೂ ಅದನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು, ತೂಗಿ ನೋಡಿದವನಂತೆ ತುಸು ತಡೆದು, ಆಮೇಲಷ್ಟೇ ಉತ್ತರ ಕೊಡುವ ಅಭ್ಯಾಸವೂ ಅಲ್ಲಿಂದಲೇ ಬಂದಿರಬೇಕು. ಪಾಂಡವಪುರದ ಕಾಲೇಜಿನಲ್ಲಿ ನಾನು ಹಾಜರಿ ಕೂಗಿದಾಗಲೂ, ತಾನು ಬಂದಿರುವೆನೋ ಇಲ್ಲವೋ ಎಂದು ವಿಚಾರಿಸಿಕೊಂಡವನಂತೆ ಒಂದು ಗಳಿಗೆ ಬಿಟ್ಟು, 'ಇವ್ನಿ ಸಾ' ಎನ್ನುತ್ತಿದ್ದ.

ಆ ತರಗತಿಯಲ್ಲೇ ಅವನ ತಂಡ ಹುಟ್ಟಿತು. ಡ್ರಮ್ಸಿಗೆ ಅಕ್ಕಿಹೆಬ್ಬಾಳಿನ ಕಿಟ್ಟಿ, ಬೇಸ್ ಗಿಟಾರಿಗೆ ಶ್ರೀರಂಗಪಟ್ಟಣದ ಸ್ನೇಹ, ಗಿಟಾರಿಗೂ ಹಾಡಿಗೂ ಯೋಗೇಶ್. ತಮ್ಮ ಸಂಗೀತ ಪಾಪ್ ಪಂಕ್ ಎಂದು ಅವರು ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಎಳೆಯ ಸಿಟ್ಟನ್ನು ಸರಳವಾದ ರಾಗಕ್ಕೆ ಕಟ್ಟಿ, ಮೂರು ನಿಮಿಷದೊಳಗೆ ಓಡಿ ಮುಗಿಸುವ ಹಾಡುಗಳವು. ಮೊದಮೊದಲು ಗದ್ದಲವೆನಿಸಿದ್ದರಲ್ಲಿ ದುಃಖವೂ ಇದೆಯೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ತಂಡಕ್ಕೆ 'ತಗಡು' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದವನ ಮೇಲೆ ಕಟ್ಟಿದ 'ಸಪ್ಲಿಮೆಂಟ್ರಿ' ಎಂಬ ಹಾಡು ಜಿಲ್ಲೆಯ ಹಾಸ್ಟೆಲುಗಳಲ್ಲೆಲ್ಲ ಹಬ್ಬಿತು. ಬೆಂಗಳೂರಿನ ಆಡಿಯೋ ಕಂಪನಿಯೊಂದು ಕರೆದು ಒಪ್ಪಂದ ಮಾಡಿಕೊಂಡಿತು.

ಮೂರನೆಯ ವರ್ಷ ಕಂಪನಿಯವರು, ಹಾಡುವವನೊಬ್ಬ ಸಾಕು, ಉಳಿದಿಬ್ಬರ ಬದಲು ನಮ್ಮವರು ನುಡಿಸುತ್ತಾರೆ, ಉಚ್ಚಾರಣೆಯಲ್ಲಿ ಹಕಾರ ಸ್ಪಷ್ಟವಾಗಿರಲಿ ಎಂದರು. ಯೋಗೇಶ್ ಆ ಮಾತುಗಳನ್ನು ಒಮ್ಮೆ ತುಟಿಯೊಳಗೆ ಹೇಳಿಕೊಂಡು, 'ಇದ್ರೆ ಮೂವರೂ ಇರ್ತೀವಿ ಸಾ' ಎಂದಷ್ಟೇ ಹೇಳಿ ಎದ್ದು ಬಂದ. ಒಪ್ಪಂದದಿಂದ ಬಿಡುಗಡೆ ಪಡೆಯುವ ಕಾಗದಕ್ಕೆ ತಂಡದ ಪರವಾಗಿ ಸಹಿ ಹಾಕಿದವನೂ ಅವನೇ. ಅದರ ಪ್ರಕಾರ 'ತಗಡು' ಎಂಬ ಹೆಸರೂ ಹಳೆಯ ಎಂಟು ಹಾಡುಗಳೂ ಕಂಪನಿಗೆ ಉಳಿದವು.

ಹೊಸದಾಗಿ ಹನ್ನೆರಡು ಹಾಡು ಕಟ್ಟಿಕೊಂಡು, ಕಳೆದ ವರ್ಷದ ಬೇಸಿಗೆಯಲ್ಲಿ, ಕಿಟ್ಟಿಯ ಅಣ್ಣನ ಗೂಡ್ಸ್ ಆಟೋದಲ್ಲಿ ವಾದ್ಯಗಳನ್ನು ಹೇರಿಕೊಂಡು ಅವರು ಊರೂರಿಗೆ ಹೊರಟರು. ಪೋಸ್ಟರಿನ ಮೇಲೆ 'ಮೂವರು ಹಾಡುತ್ತಾರೆ' ಎಂದಿತ್ತು, ಬೇರೆ ಹೆಸರಿರಲಿಲ್ಲ. ಯೋಗೇಶ್ ತಂದೆಯ ಮದುವೆಯ ಕೋಟನ್ನು ಮೊಣಕೈವರೆಗೆ ಕತ್ತರಿಸಿ ಆ ಸೆಕೆಯಲ್ಲೂ ತೊಡುತ್ತಿದ್ದ. ಅವನ ತಾಯಿ ಮಂಗಳಮ್ಮ ಎರಡು ದಿನ ಮಗನೊಡನೆ ಮಾತು ಬಿಟ್ಟಿದ್ದು, ಮೂರನೆಯ ದಿನ ಕತ್ತರಿಸಿದ ಅಂಚನ್ನು ತಾವೇ ಮಡಚಿ ಹೊಲಿದುಕೊಟ್ಟರಂತೆ. ಶ್ರೀರಂಗಪಟ್ಟಣದಲ್ಲಿ ಜನ ಸಾಕಷ್ಟು ಸೇರಿದರು. ಪಾಂಡವಪುರದಲ್ಲಿ ಹಳೆಯ ಹಾಡಿಲ್ಲವೆಂದು ತಿಳಿದು ಅರ್ಧ ಜನ ಎದ್ದುಹೋದರು. ಕೆ.ಆರ್. ಪೇಟೆಯ ಕಡೆಗೆ ಹೊರಟಾಗ, ಕಾಲೇಜಿಗೆ ರಜೆಯಿದ್ದುದರಿಂದ, ನಾನೂ ಅವರ ಜೊತೆ ಹೋದೆ.

ಸಂತೆಬಾಚಹಳ್ಳಿಯಲ್ಲಿ ಅಂದು ಸಂತೆ. ಇಳಿಹೊತ್ತಿನಲ್ಲಿ ಇನ್ನೂರು ಜನ ಆಟೋ ಸುತ್ತ ನಿಂತಿದ್ದರು. ಎರಡು ಹಾಡು ಮುಗಿಯುವಷ್ಟರಲ್ಲಿ ಯಾರೋ 'ಸಪ್ಲಿಮೆಂಟ್ರಿ' ಎಂದು ಕೂಗಿದರು. ನೋಡನೋಡುತ್ತ ಎಲ್ಲರೂ ಅದನ್ನೇ ಕೂಗಿದರು. ಕಿಟ್ಟಿ ಯಾರನ್ನೂ ಕೇಳದೆ ಆ ಹಾಡಿನ ಮೊದಲ ಹೊಡೆತಗಳನ್ನು ಬಾರಿಸಿಯೇಬಿಟ್ಟ. ಜನ ಹೋ ಎಂದರು. ಯೋಗೇಶ್ ಗಿಟಾರಿನಿಂದ ಕೈ ತೆಗೆದು, ಹಿಂದಕ್ಕೆ ತಿರುಗಿ, ಬೇಡವೆಂದು ತಲೆಯಾಡಿಸಿದ. ಕಿಟ್ಟಿ ಇನ್ನೂ ಸ್ವಲ್ಪ ಹೊತ್ತು ಒಬ್ಬನೇ ಬಾರಿಸಿ, ನಿಲ್ಲಿಸಿದ.

'ಅದು ಈಗ ನಮ್ದಲ್ಲ. ಒಸಾದು ಆಡ್ತೀವಿ, ಕೇಳಿ' ಎಂದ ಯೋಗೇಶ್ ಮೈಕಿನಲ್ಲಿ.

ಯಾರೂ ಕೇಳಲಿಲ್ಲ. ಮೂರು ಹಾಡು ಮುಗಿಯುವಷ್ಟರಲ್ಲಿ ಎದುರಿಗೆ ಉಳಿದದ್ದು ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು. ಅವಳೂ ಚೀಲ ಮಡಚುತ್ತಿದ್ದಳು.

ಆಟೋದ ಮರೆಯಲ್ಲಿ ಕಿಟ್ಟಿ ಡ್ರಮ್ಸಿನ ಕಡ್ಡಿಗಳನ್ನು ನೆಲಕ್ಕೆಸೆದ. 'ಸಂತೆಬಾಚಳ್ಳೀಗ್ ಬಂದು ಕಂಪ್ನಿಯೋನ್ ಯಾವನ್ಲಾ ಕೇಳ್ತಾನೆ?'

'ಯಾವನೂ ಕೇಳಲ್ಲ. ಆಡಲ್ಲ ಅಂತ ನಾನು ಸೈನ್ ಆಕಿವ್ನಲ್ಲ' ಎಂದ ಯೋಗೇಶ್.

'ಆ ಹೊಡೆತ ನಂದು ಕಣ್ಲಾ. ನನ್ನೊಂದ್ ಮಾತು ಕೇಳ್ದೆ ಅದ್ನ ಬರ್ಕೊಟ್ಬುಡಕ್ಕೆ ನೀನ್ಯಾವನು?'

ಯೋಗೇಶನ ತುಟಿ ಆ ಪ್ರಶ್ನೆಯನ್ನು ಹೇಳಿಕೊಂಡದ್ದನ್ನು ನಾನು ಕಂಡೆ. ಅವನು ಬಗ್ಗಿ ಕಡ್ಡಿಗಳನ್ನು ಎತ್ತಿ, ಮಣ್ಣೊರೆಸಿ, ಆಟೋದ ಸೀಟಿನ ಮೇಲಿಟ್ಟ.

ಮುಂದಿನ ಭಾನುವಾರ ನಾಗಮಂಗಲದಲ್ಲಿ ಕಾರ್ಯಕ್ರಮ. ಕಿಟ್ಟಿ ಬರಲಿಲ್ಲ. ಕಂಪನಿಯವರು 'ತಗಡು' ಹೆಸರಿನಲ್ಲಿ ಹೊಸ ಹಾಡುಗಾರನೊಡನೆ ನುಡಿಸಲು ಅವನನ್ನು ಕರೆದಿದ್ದರು, ಅವನು ಒಪ್ಪಿದ್ದ; ಅದನ್ನು ಫೋನಿನಲ್ಲಿ ಸ್ನೇಹಳಿಗೆ ಹೇಳಿದನೇ ಹೊರತು ಯೋಗೇಶನಿಗಲ್ಲ.

'ಕ್ಯಾನ್ಸಲ್ ಮಾಡ್ಬುಡಣ ಕಣೋ' ಎಂದಳು ಸ್ನೇಹ.

'ಬತ್ತೀವಿ ಅಂತ ಏಳಿವ್ನಿ' ಎಂದ ಯೋಗೇಶ್.

ಹತ್ತೊಂಬತ್ತು ಜನರ ಮುಂದೆ ಇಬ್ಬರೂ ಹನ್ನೆರಡು ಹಾಡುಗಳನ್ನು ಹಾಡಿದರು. ಡ್ರಮ್ಸ್ ಮಾತ್ರ ಕೇಳಬೇಕಾದ ಜಾಗಗಳನ್ನು ಯೋಗೇಶ್ ತುಂಬಲಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತು ಮುಂದಿನ ಸಾಲಿಗೆ ಹೋಗುತ್ತಿದ್ದ. ಆಗ ಸಭಾಂಗಣದಲ್ಲಿ ಫ್ಯಾನಿನ ಸದ್ದಷ್ಟೇ ಕೇಳುತ್ತಿತ್ತು. ಮಗನ ಹಾಡನ್ನು ಎಂದೂ ಕೇಳಲು ಬಾರದಿದ್ದ ಕೃಷ್ಣಮೂರ್ತಿಯವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ಹತ್ತಿರ ಬಂದು, 'ನಡ್ನಡುವೆ ಏನೋ ಬಿಟ್ಟೋಯ್ತಿತ್ತಲ್ಲಪ್ಪ?' ಎಂದರು.

'ಅದು ಕಿಟ್ಟೀದು' ಎಂದ ಮಗ.

ಅದೇ ಕಡೆಯ ಪ್ರದರ್ಶನ. ಸ್ನೇಹ ಮೈಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಹೊಸ ಕಂಠದ 'ಸಪ್ಲಿಮೆಂಟ್ರಿ', ಹಕಾರಗಳೆಲ್ಲ ಸರಿಯಾಗಿ, ಆ ಮಳೆಗಾಲದುದ್ದಕ್ಕೂ ಆಟೋಗಳಲ್ಲಿ ಮೊಳಗಿತು. ತಂದೆಯ ಪಕ್ಕ ಕೂತು ಓಲೆಗೆ ಹರಳು ಕೂರಿಸುತ್ತಿದ್ದ ಯೋಗೇಶನನ್ನು ನಾನು, ಕೇಳಿದೆಯಾ ಎಂದು ವಿಚಾರಿಸಿದೆ. 'ಕಿಟ್ಟಿ ಚೆನ್ನಾಗ್ ಬಾರ್ಸವ್ನೆ ಸಾ' ಎಂದ. ನೀನೊಬ್ಬನೇ ಯಾಕೆ ಹಾಡಬಾರದು ಎಂದದ್ದಕ್ಕೆ ತಲೆಯೆತ್ತದೆ, 'ಒಬ್ನೇ ಆಡೋದು ಕಲೀನೇ ಇಲ್ಲ ಸಾ' ಎಂದ.

ಕೊಟ್ಟ ಮಾತಿಗೆ ತಪ್ಪದವರನ್ನು ನಾವು ದೂರದಿಂದ ಕೊಂಡಾಡುತ್ತೇವೆ. ಹತ್ತಿರ ನಿಂತವರಿಗಷ್ಟೇ ಅವರ ಭಾರ ಗೊತ್ತು. ಗೆಳೆಯರಿಗಾಗಿ ಎಲ್ಲವನ್ನೂ ಬಿಟ್ಟುಬರುವ ಇಂಥವರಿಗೆ, ತಾವು ಬಿಟ್ಟುಕೊಟ್ಟದ್ದರಲ್ಲಿ ಗೆಳೆಯರ ಪಾಲೂ ಇತ್ತೆಂಬುದು ಹೊಳೆಯುವುದು ತಡವಾಗಿ. ಹೊಳೆದ ಮೇಲೂ ಅವರು ತಮ್ಮನ್ನು ಸಮರ್ಥಿಸಿಕೊಳ್ಳುವುದಿಲ್ಲ, ಬಿಟ್ಟುಹೋದವರನ್ನು ದೂರುವುದೂ ಇಲ್ಲ. ತಮ್ಮ ತಪ್ಪಿಗೂ ತಾವೇ ಸಹಿ ಹಾಕಿದವರಂತೆ, ಅದಕ್ಕೂ ಕಡೆಯವರೆಗೆ ಬದ್ಧರಾಗಿ ಉಳಿದುಬಿಡುತ್ತಾರೆ.