ಕಪ್ಪಾದ ಜೋಡಿ

ಮೀನು ತಿನ್ನದ ನಮ್ಮ ಮನೆಗೆ ಸೊಸೆ ಭವ್ಯ ಮೀನು ತಂದಳು. ಅದೂ ಎಂಥದ್ದು? ಡಿಸ್ಕಸ್ ಅಂತೆ, ತಟ್ಟೆಯ ಹಾಗೆ ಚಪ್ಪಟೆ, ಬಾಣಂತಿಗಿಂತ ಹೆಚ್ಚು ಆರೈಕೆ ಕೇಳುವ ಪ್ರಾಣಿ. ನಲವತ್ತು ವರ್ಷ ರೇಷ್ಮೆಹುಳು ಸಾಕಿದವಳು ನಾನು. ಹನೂರು ರಸ್ತೆಯ ಈ ಊರಿನಲ್ಲಿ ಯಾರ ಹುಳುವಿಗೆ ರೋಗ ಬಂದರೂ "ಶಿವರತ್ನಮ್ಮೋರು ಏನಂತಾರೋ ಕೇಳಿ" ಅನ್ನುತ್ತಾರೆ. ಅಂಥ ನನಗೆ ಇವಳು ನೀರಿನ ಪಾಠ ಹೇಳುತ್ತಿದ್ದಳು.

"ನಲ್ಲಿ ನೀರಲ್ಲಿ ಬ್ಲೀಚಿಂಗ್ ಇರ್ತದೆ ಕಣತ್ತೆ. ಡ್ರಮ್ಮಲ್ಲಿ ಒಂದಿನ ಪೂರಾ ಗಾಳಿ ಬಿಟ್ಟು ಮಡಗಬೇಕು. ಆಮೇಲೆ ತೊಟ್ಟೀಲಿರೋ ನೀರಷ್ಟೇ ಬೆಚ್ಚಗೆ ಮಾಡಿ ಉಯ್ಯಬೇಕು."

ದಿನವೂ ಪೈಪ್ ಹಿಡಿದು ತಳದ ಕಸ ಎಳೆದು, ಕಾಲು ಭಾಗ ನೀರು ಬದಲಾಯಿಸುತ್ತಿದ್ದಳು. ಬೆಚ್ಚಗಿರುತ್ತದೆಂದು ಹುಳುಮನೆಯ ಮುಂಕೋಣೆಯ ಮೂಲೆಯಲ್ಲೇ ಗಾಜಿನ ತೊಟ್ಟಿ ಇಟ್ಟಿದ್ದಳು. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಇಡಲು ನನಗೆ ಅದೇ ಮೂಲೆ ಬೇಕಿತ್ತು. ಅವಳ ಮೀನಿನ ಜೋಡಿ ಎರಡು ಸಲ ಮೊಟ್ಟೆ ಇಟ್ಟು ಎರಡು ಸಲವೂ ತಾವೇ ತಿಂದುಹಾಕಿದ್ದವು. ಮಗ ಮಲ್ಲಿಕಾರ್ಜುನಸ್ವಾಮಿಯ ಎದುರಿಗೇ ಹೇಳಿಬಿಟ್ಟೆ.

"ಇನ್ನೊಂದು ಸಲ ನೋಡ್ತೀನಿ. ಮರಿ ಉಳೀದಿದ್ರೆ ತೊಟ್ಟಿ ಒರಕ್ಕೆ. ಉಳುದ್ರೆ ಮೂಲೆ ನಿಂದೇ, ತುಟಿಪಿಟಕ್ ಅನ್ನಲ್ಲ."

ಭವ್ಯ ಒಪ್ಪಿದಳು. ಈ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಆ ಮೂಲೆಯೊಂದೇ. ಅದು ನನಗೂ ಗೊತ್ತಿತ್ತು.

ಆಮೇಲೆ ಅವಳು ತೊಟ್ಟಿಗೆ ಹಳೆ ಸೀರೆಯ ಪರದೆ ಕಟ್ಟಿದಳು. ದೃಷ್ಟಿ ತಾಗುತ್ತದೆಂದು ನಾನು ಹುಳುಮನೆಗೆ ಪರರನ್ನು ಬಿಡುವುದಿಲ್ಲ. ನನ್ನಿಂದ ಕಲಿತ ಬುದ್ಧಿಯನ್ನು ನನ್ನ ಮೇಲೇ ತೋರಿಸಿದಳು. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಮೀನಿನ ಆಹಾರ ತರಲು ಕೊಳ್ಳೇಗಾಲಕ್ಕೆ ಹೊರಟಳು. "ಬಸ್ ಓಯ್ತದೆ, ಬಿರ್ರನೆ ನಡಿ" ಎಂದು ನಾನು ತರಾತುರಿ ಮಾಡಿದೆ. ಡ್ರಮ್ಮಿನ ನೀರನ್ನು ತೊಟ್ಟಿಗೆ ಸುರಿದು ಓಡಿದಳು.

ಅವಳು ಅತ್ತ ಹೋದ ಮೇಲೆ ಪರದೆ ಎತ್ತಿದೆ. ಎರಡೂ ಮೀನು ಇದ್ದಿಲಿನಂತೆ ಕಪ್ಪಗಾಗಿದ್ದವು. ಮೈತುಂಬ ಸಾಸಿವೆಗಿಂತ ಸಣ್ಣ ಹುಳದಂಥವು ಅಂಟಿಕೊಂಡು ಮಿಸುಕಾಡುತ್ತಿದ್ದವು. ಸಪ್ಪೆ ರೋಗ ಬಂದ ರೇಷ್ಮೆಹುಳು ಹೀಗೇ ಕಪ್ಪಾಗುತ್ತದೆ. ಪಕ್ಕದಲ್ಲೇ ನನ್ನ ಹುಳು ಪೊರೆ ಬಿಡುವ ನಾಲ್ಕನೇ ಜ್ವರ ದಾಟಿ ಸೊಪ್ಪು ತಿನ್ನುತ್ತಿದ್ದವು. ಹುಳುವಿನ ತಟ್ಟೆ ತೊಳೆಯಲು ಕಲಸಿಟ್ಟಿದ್ದ ಬ್ಲೀಚಿಂಗ್ ನೀರನ್ನು ಒಂದು ಚೆಂಬು ತೆಗೆದು ತೊಟ್ಟಿಗೆ ಹುಯ್ದೆ. ರೋಗ ಸಾಯಲಿ ಅಂತಲೇ ಹುಯ್ದೆ, ಆ ಮಾತು ಸತ್ಯ.

ಮೊದಲು ಮೈಗಂಟಿದ ಚುಕ್ಕಿಗಳು ಉದುರಿದವು. ಆಮೇಲೆ ಜೋಡಿ ಬಾಯಿ ಬಿಡುತ್ತಾ ಪಕ್ಕಕ್ಕೆ ವಾಲಿತು. ಪರದೆ ಇಳಿಸಿ ಸೊಪ್ಪು ಬಿಡಿಸಲು ಕೂತೆ.

ಮಧ್ಯಾಹ್ನ ಭವ್ಯ ನಗುತ್ತಾ ಬಂದಳು.

"ಇನ್ನು ಮುಚ್ಚಿಡಲ್ಲ ಅತ್ತೆ. ಮರಿ ಒಡ್ದು ವಾರ ಆಯ್ತು. ಮರಿಗೊಳಿಗೆ ಕಾಣ್ಲಿ ಅಂತ ಅಪ್ಪ ಅವ್ವ ಎರಡೂ ಕಪ್ಪಾಗವೆ. ಮರಿಗೊಳು ಅವುರ್ ಮೈಗೆ ಅಂಟ್ಕಂಡು ಲೋಳೆ ತಿಂತಾವೆ. ಗೆದ್ದೆ ಬುಡವ್ವ ಅಂದ್ರು ಮೀನಂಗಡಿ ಶಾಂತಮೂರ್ತಣ್ಣ."

ಪರದೆ ಸರಿಸಿದಳು. ತೇಲುತ್ತಿದ್ದ ಜೋಡಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಅಲ್ಲೇ ಕುಸಿದಳು. ಬ್ಲೀಚಿಂಗ್ ವಾಸನೆ ಆ ಕೋಣೆಯಲ್ಲಿ ಯಾವಾಗಲೂ ಇರುವುದೇ, ಅವಳಿಗೆ ಅನುಮಾನ ಬರಲಿಲ್ಲ.

"ಆ ನೀರು ನೆನ್ನೆ ಸಂಜೆ ಇಡ್ದಿದ್ದು ಅತ್ತೆ. ಒಂದಿನ ಆಗಿರ್ಲಿಲ್ಲ. ಬಸ್ಸಿಗೋಸ್ಕರ ಉಯ್ದುಬುಟ್ಟೆ. ನಾನೇ ಸಾಯಿಸ್ಬುಟ್ಟೆ."

ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಮೀನಂಗಡಿಯವನಿಂದ ಹಿಡಿದು ಊರೆಲ್ಲ ನನ್ನನ್ನು ಆಡಿಕೊಂಡು ನಗುವುದು ಕಣ್ಣ ಮುಂದೆ ಬಂತು.

"ನೀರು ಉಯ್ಯಕ್ಕೇ ಬರದೋಳು ನಂಗೆ ಬುದ್ಧಿ ಯೋಳ್ತಿದ್ಯಲ್ಲ," ಅಂದೆ.

ತೊಟ್ಟಿಯನ್ನು ಅವಳೇ ಖಾಲಿ ಮಾಡಿ, ಮೂಲೆಯನ್ನು ಅವಳೇ ಸಾರಿಸಿ ಕೊಟ್ಟಳು. ಚಂದ್ರಿಕೆ ಇಟ್ಟೆ. ಆ ಸಲ ಗೂಡು ಚೆನ್ನಾಗಿಯೇ ಬಂತು.

ನಾಚಿಕೆಯಾಗುತ್ತದೆ, ಇಲ್ಲವೆನ್ನುವುದಿಲ್ಲ. ಹಾಗಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಈಗ ಹಸುವಿನ ಬಾನಿಗೆ ನೀರು ಸುರಿಯುವ ಮುಂಚೆಯೂ ಭವ್ಯ ಕೊಡ ಹಿಡಿದು ನನ್ನೆದುರು ನಿಲ್ಲುತ್ತಾಳೆ. "ಅತ್ತೆ, ಈ ನೀರು ಉಯ್ಯಬೋದಾ?" ನಾನು ಬೆರಳು ಅದ್ದಿ ನೋಡಿ, ಹೂಂ ಅನ್ನುತ್ತೇನೆ.